ಸಿಂಹ ಕಂಡಿತು, ಮುಂದೆ? – ಕೀನ್ಯಾಕ್ಕೆ ಹೊರಟ ವಿದ್ಯಾರ್ಥಿ ತಂಡಕ್ಕೊಂದು ಸಫಾರಿ ಕೈಪಿಡಿ

ಕೀನ್ಯಾಕ್ಕೆ ಅಧ್ಯಯನ ಪ್ರವಾಸ ಎಂದ ಕೂಡಲೇ ಟ್ರಾವೆಲ್ಸ್‌ನವರು ಕಳಿಸುವ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಏಳು ದಿನ, ಅಂಬೊಸೆಲಿ, ನೈವಾಷಾ, ನಕುರು, ಮಸಾಯಿ ಮಾರ, ಕೊನೆಗೆ ನೈರೋಬಿಯಲ್ಲಿ ಶಾಪಿಂಗ್. ಒಮ್ಮೆ ನಕ್ಷೆ ತೆಗೆದು ನೋಡಿ. ಅಂಬೊಸೆಲಿ ನೈರೋಬಿಯ ದಕ್ಷಿಣಕ್ಕೆ, ತಾಂಜಾನಿಯಾದ ಗಡಿಯಲ್ಲಿದೆ. ನಕುರು ವಾಯವ್ಯಕ್ಕೆ, ಮಾರ ಪಶ್ಚಿಮಕ್ಕೆ. ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅರ್ಧ ದಿನ ರಸ್ತೆಯಲ್ಲೇ ಕಳೆಯುತ್ತದೆ. ಫೋಟೊ ತೆಗೆದುಕೊಂಡು ಬರುವವರಿಗೆ ಇದು ಸಾಕು. ಪಶುವೈದ್ಯಕೀಯ, ಅರಣ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದುವ ತಂಡಕ್ಕೆ ಸಾಲದು. ಆ ಪಟ್ಟಿ ಬಿಟ್ಟು ಎರಡೇ ಜಾಗ ಇಟ್ಟುಕೊಳ್ಳಿ: ಮೊದಲ ದಿನ ನೈರೋಬಿ ರಾಷ್ಟ್ರೀಯ ಉದ್ಯಾನ, ಉಳಿದ ದಿನಗಳೆಲ್ಲ ಮಸಾಯಿ ಮಾರ. ‘ನಕುರು ಬಿಟ್ಟರೆ ರಾಜಹಂಸ ತಪ್ಪುತ್ತದಲ್ಲ’ ಎಂದು ಯಾರಾದರೂ ಗೊಣಗುತ್ತಾರೆ. ಕಳೆದ ಹದಿನೈದು ವರ್ಷಗಳಲ್ಲಿ ಆ ಸರೋವರದ ನೀರು ಏರಿ ಹಳೆಯ ಗೇಟೇ ಮುಳುಗಿದೆ. ನೀರಿನ ಉಪ್ಪು ತಿಳಿಯಾದಂತೆ ಹಕ್ಕಿಗಳೂ ಬೇರೆ ಕೆರೆಗಳಿಗೆ ಚದುರಿವೆ. ಹಳೆಯ ಪೋಸ್ಟರಿನ ಗುಲಾಬಿ ದಡ ಅಲ್ಲಿ ಸಿಕ್ಕೇ ಸಿಗುತ್ತದೆ ಎಂದುಕೊಳ್ಳಬೇಡಿ.

ನೈರೋಬಿ ಉದ್ಯಾನವನ್ನು ‘ಊರೊಳಗಿನ ಪಾರ್ಕು’ ಎಂದು ಉಪೇಕ್ಷಿಸುವವರೇ ಹೆಚ್ಚು. 1946ರಲ್ಲಿ ಆದ, ಕೀನ್ಯಾದ ಮೊದಲ ರಾಷ್ಟ್ರೀಯ ಉದ್ಯಾನ ಅದು. ವಿಸ್ತೀರ್ಣ 117 ಚದರ ಕಿಲೋಮೀಟರ್. ನಗರದ ನಡುಮಧ್ಯದಿಂದ ಸುಮಾರು ಏಳು ಕಿಲೋಮೀಟರ್ ದೂರ. ಸಿಂಹ, ಘೇಂಡಾಮೃಗ, ಜಿರಾಫೆ, ಕಾಡೆಮ್ಮೆ ಎಲ್ಲ ಉಂಟು, ಕಾಡಾನೆಯೊಂದು ಇಲ್ಲ. ನಗರದ ಕಡೆಗೆಲ್ಲ ಬೇಲಿಯಿದೆ. ದಕ್ಷಿಣದ ಕಡೆ ಮಾತ್ರ ತೆರೆದಿದ್ದು, ಪ್ರಾಣಿಗಳು ಆ ಬಯಲಿಗೆ ಹೋಗಿ ಬರುತ್ತವೆ. ಆ ಬಯಲಿನಲ್ಲಿ ಈಗ ಮನೆ, ಬೇಲಿ, ಕಾರ್ಖಾನೆಗಳು ಏಳುತ್ತಿವೆ. ಉದ್ಯಾನದ ನೆತ್ತಿಯ ಮೇಲೆ ರೈಲಿನ ಎತ್ತರದ ಸೇತುವೆ ಹಾದುಹೋಗಿದೆ, ಅದರ ಕಂಬಗಳ ನಡುವೆ ಜಿರಾಫೆಗಳು ನಡೆದಾಡುತ್ತವೆ. ಬನ್ನೇರುಘಟ್ಟದ ಆನೆ ಕಾರಿಡಾರಿನ ಗಲಾಟೆ ಗೊತ್ತಿರುವ ನಮ್ಮ ಹುಡುಗರಿಗೆ ಇಲ್ಲಿ ಹೆಚ್ಚು ವಿವರಿಸಬೇಕಾಗಿಲ್ಲ. ಅವರೇ ಚರ್ಚೆ ಶುರು ಮಾಡುತ್ತಾರೆ. ದಂತ ಸುಟ್ಟ ಜಾಗವೂ ಈ ಉದ್ಯಾನದೊಳಗೇ ಇದೆ. 1989ರಲ್ಲಿ ಅಧ್ಯಕ್ಷ ಡೇನಿಯಲ್ ಅರಾಪ್ ಮೊಯಿ 12 ಟನ್ ಆನೆದಂತಕ್ಕೆ ಬೆಂಕಿ ಇಟ್ಟದ್ದು ಅಲ್ಲೇ. 2016ರಲ್ಲಿ 105 ಟನ್ ಸುಟ್ಟದ್ದೂ ಅಲ್ಲೇ. ಬೂದಿಯ ಗುಡ್ಡೆಗಳು ಇನ್ನೂ ಇವೆ. ಅಲ್ಲಿ ಅರ್ಧ ಗಂಟೆ ನಿಲ್ಲಿಸಿ.

ಯಾವಾಗ ಹೋಗಬೇಕು ಎನ್ನುವುದು ಹಣದ ಪ್ರಶ್ನೆಯೂ ಹೌದು. ಮಾರಕ್ಕೆ ಲಕ್ಷಾಂತರ ವಿಲ್ಡಬೀಸ್ಟ್‌ಗಳು ತಾಂಜಾನಿಯಾದ ಸೆರೆಂಗೆಟಿಯಿಂದ ಬರುವುದು ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್ ನಡುವೆ. ಮಾರ ಅಭಯಾರಣ್ಯವನ್ನು ನೋಡಿಕೊಳ್ಳುವುದು ನರೋಕ್ ಕೌಂಟಿ ಆಡಳಿತ. ಅದು 2024ರಲ್ಲಿ ಮಾಡಿದ ದರದ ಪ್ರಕಾರ ಹೊರದೇಶದ ವಯಸ್ಕರಿಗೆ ಪ್ರವೇಶ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಟಿಕೆಟಿನ ಆಯುಸ್ಸು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ಇಪ್ಪತ್ತು ಜನರ ತಂಡಕ್ಕೆ ನಾಲ್ಕು ದಿನದ ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ 8,000 ಡಾಲರ್. ಮಾರ್ಚಿನಿಂದ ಮೇವರೆಗೆ ದೊಡ್ಡ ಮಳೆ, ರಸ್ತೆಗಳು ಕೆಸರಾಗುತ್ತವೆ. ಹಾಗಾಗಿ ನನ್ನ ಆಯ್ಕೆ ಜನವರಿಯ ಕೊನೆ, ಫೆಬ್ರುವರಿ, ಇಲ್ಲವೇ ಜೂನ್. ಸಿಂಹ, ಚಿರತೆ, ಚೀತಾ, ಕತ್ತೆಕಿರುಬ, ಆನೆ, ನೀರಾನೆ ವರ್ಷವಿಡೀ ಅಲ್ಲೇ ಇರುತ್ತವೆ. ವಿಲ್ಡಬೀಸ್ಟ್‌ಗಳು ನದಿ ದಾಟುವ ದೃಶ್ಯ ತಪ್ಪುತ್ತದೆ ನಿಜ. ಅದು ಎಲ್ಲರೂ ಟೀವಿಯಲ್ಲಿ ಕಂಡಿರುವಂಥದ್ದು, ಮತ್ತು ಆ ದಿನಗಳಲ್ಲಿ ದಡದ ಮೇಲೆ ಪ್ರಾಣಿಗಳಷ್ಟೇ ಗಾಡಿಗಳೂ ಸಾಲುಗಟ್ಟಿರುತ್ತವೆ. ಶುಲ್ಕ ಆಗಾಗ ಬದಲಾಗುವುದರಿಂದ ಬಜೆಟ್ ಮಾಡುವ ವಾರದಲ್ಲಿ ಇನ್ನೊಮ್ಮೆ ವಿಚಾರಿಸಿ. ನೈರೋಬಿ ಉದ್ಯಾನ ಬೇರೆ ಇಲಾಖೆಯದು, ಕೀನ್ಯಾ ವೈಲ್ಡ್‌ಲೈಫ್ ಸರ್ವಿಸ್‌ನದು. ಅಲ್ಲಿ ಗೇಟಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಇ–ಸಿಟಿಜನ್ ಎಂಬ ಸರ್ಕಾರಿ ತಾಣದಲ್ಲೇ ಕಟ್ಟಬೇಕು. ಶೈಕ್ಷಣಿಕ ತಂಡಕ್ಕೆ ರಿಯಾಯಿತಿ ಕೇಳುವುದಾದರೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬಹಳ ಮುಂಚೆಯೇ ಬರೆಯಬೇಕು. ಗೇಟಿನಲ್ಲಿ ಐಡಿ ಕಾರ್ಡ್ ತೋರಿಸಿ ವಾದ ಮಾಡಿದರೆ ನಡೆಯುವುದಿಲ್ಲ.

ಕಾಗದಪತ್ರದಲ್ಲಿ ಎರಡು ವಿಷಯ ಮುಖ್ಯ. ಕೀನ್ಯಾ 2024ರ ಜನವರಿಯಿಂದ ವೀಸಾ ಪದ್ಧತಿ ಬಿಟ್ಟು ಇಟಿಎ ಎಂಬ ಆನ್‌ಲೈನ್ ಪ್ರವೇಶಾನುಮತಿ ತಂದಿದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಅರ್ಜಿ ಹಾಕಬೇಕು, ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಇದು ಅಷ್ಟೇನೂ ಕಷ್ಟವಲ್ಲ. ಕಷ್ಟ ಕೊಡುವುದು ಹಳದಿ ಜ್ವರದ ಲಸಿಕೆ. ಕೀನ್ಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿರುವುದರಿಂದ ಅಲ್ಲಿಂದ ಮರಳುವಾಗ ಲಸಿಕೆಯ ಪ್ರಮಾಣಪತ್ರ ಕೇಳುವುದು ಭಾರತ ಸರ್ಕಾರವೇ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಹಾಕಿಸಿಕೊಂಡದ್ದು ಮಾತ್ರ ಲೆಕ್ಕಕ್ಕೆ. ಹಾಕಿಸಿದ ಹತ್ತು ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಕೆಲವು ದಿನ ಲಸಿಕೆ ಇರುವುದಿಲ್ಲ, ಕೆಲವು ದಿನ ಸರದಿ ಉದ್ದ. ಇಪ್ಪತ್ತು ಮಂದಿಯನ್ನು ಕೊನೆಯ ವಾರದಲ್ಲಿ ಕರೆದುಕೊಂಡು ಹೋಗುವ ಸಾಹಸ ಬೇಡ, ಎರಡು ತಿಂಗಳು ಮುಂಚೆ ಮುಗಿಸಿ. ಮೊಟ್ಟೆಯ ಅಲರ್ಜಿ ಇರುವವರು, ಬೇರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು ಮೊದಲು ವೈದ್ಯರಿಗೆ ತಿಳಿಸಬೇಕು. ನೈರೋಬಿ ಎತ್ತರದ ಊರಾದ್ದರಿಂದ ಮಲೇರಿಯಾ ಕಡಿಮೆ, ಮಾರದಲ್ಲಿ ಉಂಟು. ಮುಂಜಾಗ್ರತೆಯ ಮಾತ್ರೆ ಯಾವುದು, ಎಷ್ಟು ದಿನ ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳಿಬಿಡಿ.

ಇನ್ನು ಗಾಡಿ. ಸಫಾರಿ ಚೆನ್ನಾಗಿ ಆಗುವುದೂ ಕೆಡುವುದೂ ಹೋಟೆಲಿನಿಂದಲ್ಲ, ಗಾಡಿ ಮತ್ತು ಗೈಡಿನಿಂದ. ಮಾಡಿನ ಮುಚ್ಚಳ ಎತ್ತಿಕೊಂಡು ನಿಲ್ಲಬಹುದಾದ ಮಿನಿವ್ಯಾನ್ ಅಗ್ಗ. ಲ್ಯಾಂಡ್ ಕ್ರೂಸರ್ ದುಬಾರಿ. ಮಳೆ ಬಿದ್ದ ಮರುದಿನ ಮಾರದ ಕರಿಮಣ್ಣಿನಲ್ಲಿ ಮಿನಿವ್ಯಾನ್ ಹೂತುಕೊಂಡರೆ ಇಡೀ ಬೆಳಗು ಹೋಯಿತು. ಬೇರೆ ಯಾವುದರಲ್ಲಾದರೂ ಉಳಿತಾಯ ಮಾಡಿ, ಇದರಲ್ಲಿ ಬೇಡ. ಒಂದು ಗಾಡಿಗೆ ಆರೇ ಜನ, ಎಲ್ಲರಿಗೂ ಕಿಟಕಿ – ಇದನ್ನು ಒಪ್ಪಂದದಲ್ಲೇ ಬರೆಸಿ. ಗೈಡ್ ಬಗ್ಗೆ ಕೇಳಬೇಕಾದ ಪ್ರಶ್ನೆಯೂ ಒಂದಿದೆ. ಕೀನ್ಯಾದಲ್ಲಿ ಸಫಾರಿ ಗೈಡ್‌ಗಳದೇ ವೃತ್ತಿಸಂಘ ಇದೆ, ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂಬ ದರ್ಜೆ ಕೊಡುತ್ತದೆ. ಕನಿಷ್ಠ ಒಂದು ಗಾಡಿಗಾದರೂ ಬೆಳ್ಳಿ ದರ್ಜೆಯವರು ಬೇಕೆಂದು ಕೇಳಿ. ಪ್ರಾಣಿ ಹುಡುಕುವುದನ್ನು ಎಲ್ಲ ಚಾಲಕರೂ ಮಾಡುತ್ತಾರೆ. ಹುಲ್ಲಿನ ಹೆಸರು ಹೇಳಬಲ್ಲವರು ಕೆಲವರೇ. ಮೊದಲ ಸಂಜೆಯೇ ಅವರ ಜೊತೆ ಕೂತು, ‘ನಮಗೆ ಬಿಗ್ ಫೈವ್ ಎಂಬ ಐದು ದೊಡ್ಡ ಪ್ರಾಣಿಗಳ ಹಿಂದಿನ ಓಟ ಬೇಡ, ಒಂದೇ ಕಡೆ ಒಂದು ಗಂಟೆ ನಿಂತರೂ ಸರಿ’ ಎಂದು ಸ್ಪಷ್ಟವಾಗಿ ಹೇಳಿಬಿಡಿ. ಇಲ್ಲವಾದರೆ ರೇಡಿಯೊದಲ್ಲಿ ಚಿರತೆಯ ಸುದ್ದಿ ಬಂದದ್ದೇ ತಡ, ಗಾಡಿ ಹಾರಿಕೊಂಡು ಹೊರಡುತ್ತದೆ. ಅವರ ತಪ್ಪಲ್ಲ, ಬರುವವರೆಲ್ಲ ಕೇಳುವುದು ಅದನ್ನೇ.

ನೈರೋಬಿಯಿಂದ ಮಾರದ ಸೆಕೆನಾನಿ ಗೇಟಿಗೆ ಐದಾರು ಗಂಟೆಯ ದಾರಿ. ರಿಫ್ಟ್ ಕಣಿವೆಯ ಅಂಚಿನಿಂದ ಕೆಳಗಿಳಿದು ಮೈ ಮಹಿಯು, ನರೋಕ್ ಮೂಲಕ ಹೋಗುತ್ತದೆ. ವಿಲ್ಸನ್ ವಿಮಾನ ನಿಲ್ದಾಣದಿಂದ ಪುಟ್ಟ ವಿಮಾನಗಳೂ ಇವೆ. ವಿದ್ಯಾರ್ಥಿಗಳು ರಸ್ತೆಯಲ್ಲೇ ಹೋಗಲಿ. ಆ ಕಣಿವೆಯ ಅಂಚಿನಲ್ಲಿ ಗಾಡಿ ನಿಲ್ಲಿಸಿದರೆ ಭೂಗರ್ಭಶಾಸ್ತ್ರದ ಪಾಠ ಕಣ್ಣೆದುರೇ ಹರಡಿರುತ್ತದೆ.

ಮಾರದೊಳಗಿನ ನಿಯಮಗಳು ನಾಗರಹೊಳೆ, ಕಬಿನಿ ಸಫಾರಿ ಕಂಡವರಿಗೆ ಹೊಸವಲ್ಲ. ಗಾಡಿಯಿಂದ ಇಳಿಯುವಂತಿಲ್ಲ, ದಾರಿ ಬಿಟ್ಟು ಹುಲ್ಲಿಗೆ ಇಳಿಸುವಂತಿಲ್ಲ, ಪ್ರಾಣಿಯಿಂದ 25 ಮೀಟರ್ ದೂರ, ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ಗಾಡಿ ಇಲ್ಲ, ಬೇರೆಯವರು ಕಾಯುತ್ತಿದ್ದರೆ ಹತ್ತು ನಿಮಿಷಕ್ಕೆ ಜಾಗ ಬಿಡಬೇಕು. ನಿಯಮ ಮುರಿಯುವ ಗಾಡಿಗಳು ಕಣ್ಣಿಗೆ ಬೀಳುತ್ತವೆ. ನಮ್ಮ ಚಾಲಕರು ಹಾಗೆ ಮಾಡುವುದು ಹೆಚ್ಚಾಗಿ ಹಿಂದಿನ ಸೀಟಿನವರು ‘ಇನ್ನೊಂಚೂರು ಹತ್ತಿರ’ ಎಂದಾಗ. ಹಾಗೆ ಕೇಳಬಾರದೆಂದು ಊರಲ್ಲೇ ಹೇಳಿ ಕರೆದುಕೊಂಡು ಹೋಗಿ. ಶೌಚಾಲಯ ಸಿಗುವುದು ಗೇಟುಗಳಲ್ಲಿ ಮತ್ತು ಕ್ಯಾಂಪುಗಳಲ್ಲಿ. ಹುಡುಗಿಯರು ಇದಕ್ಕೆ ಹೆದರಿ ಬೆಳಿಗ್ಗೆಯಿಂದ ನೀರೇ ಕುಡಿಯದೆ ತಲೆನೋವು ತಂದುಕೊಳ್ಳುತ್ತಾರೆ. ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸುವುದು ಗೈಡ್‌ಗಳಿಗೆ ದಿನನಿತ್ಯದ ಕೆಲಸ. ಸಂಕೋಚವಿಲ್ಲದೆ ಕೇಳಬಹುದು ಎಂದು ಜೊತೆಗಿರುವ ಮೇಡಂ ಮೊದಲೇ ಹೇಳಲಿ, ಒಂದು ಚೀಲದಲ್ಲಿ ಟಿಶ್ಯೂ, ಸ್ಯಾನಿಟೈಸರ್ ಇರಲಿ.

ಈಗ ಅಸಲು ವಿಷಯಕ್ಕೆ ಬರೋಣ. ಸಿಂಹ ಕಂಡಿತು, ಫೋಟೊ ಆಯಿತು, ಮುಂದೇನು? ಇಲ್ಲಿಂದಲೇ ವಿದ್ಯಾರ್ಥಿ ತಂಡದ ಸಫಾರಿ ಬೇರೆಯಾಗಬೇಕು. ಹೊರಡುವ ಮುಂಚೆ ತಂಡವನ್ನು ಮೂರು ಗುಂಪು ಮಾಡಿ ಒಂದೊಂದಕ್ಕೆ ಒಂದು ಕೆಲಸ ಕೊಡಿ.

ಮೊದಲ ಗುಂಪಿಗೆ ಸಿಂಹದ ಮೀಸೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪಿನ ಚಿತ್ರಗಳಲ್ಲಿ ಹುಲಿಯ ಪಟ್ಟೆ ನೋಡಿ ಒಂದೊಂದು ಹುಲಿಯನ್ನು ಗುರುತಿಸಿದ್ದು ನಮ್ಮ ವಿದ್ಯಾರ್ಥಿಗಳಿಗೆ ಪಾಠದಲ್ಲೇ ಗೊತ್ತು. ಸಿಂಹಕ್ಕೆ ಪಟ್ಟೆ ಇಲ್ಲ. ಅದರ ಮೂತಿಯ ಮೇಲೆ ಮೀಸೆ ಹುಟ್ಟುವ ಕಡೆ ಕಪ್ಪು ಚುಕ್ಕೆಗಳ ಸಾಲುಗಳಿರುತ್ತವೆ. ಎಲ್ಲಕ್ಕಿಂತ ಮೇಲಿನ ಪೂರ್ಣ ಸಾಲಿನ ಮೇಲುಗಡೆ ಬಿಡಿಬಿಡಿಯಾಗಿ ಬಿದ್ದ ಚುಕ್ಕೆಗಳ ಸ್ಥಾನ ಪ್ರತಿ ಸಿಂಹಕ್ಕೂ ಬೇರೆ, ಎಡಗೆನ್ನೆ ಬಲಗೆನ್ನೆಗೂ ಬೇರೆ, ಮತ್ತು ಅದು ಬದಲಾಗುವುದಿಲ್ಲ. ಈ ವಿಧಾನವನ್ನು 1970ರಲ್ಲಿ ಪ್ರಕಟಿಸಿದವರು ಪೆನಿಕ್ವಿಕ್ ಮತ್ತು ರುಡ್ನಾಯ್; ರುಡ್ನಾಯ್ ಅಧ್ಯಯನ ಮಾಡಿದ್ದು ನೈರೋಬಿ ಉದ್ಯಾನದ ಸಿಂಹಗಳನ್ನೇ. ಮೊದಲ ದಿನ ಅಲ್ಲಿಗೆ ಹೋಗಲು ಇದೂ ಒಂದು ಕಾರಣ. ಮೊಬೈಲಿನಲ್ಲಿ ಇದು ಆಗದು. 300 ಮಿಲಿಮೀಟರ್ ಲೆನ್ಸ್ ಇರುವ ಒಂದು ಕ್ಯಾಮೆರಾ ಗುಂಪಿಗೆ ಸಾಕು. ಮುಖದ ಎರಡೂ ಪಕ್ಕ ಸಿಗಬೇಕಾದರೆ ಸಿಂಹ ತಾನಾಗಿ ತಲೆ ತಿರುಗಿಸುವವರೆಗೆ ಕಾಯಬೇಕು. ಮಧ್ಯಾಹ್ನದ ಸಿಂಹ ಯಾವ ಅವಸರವನ್ನೂ ತೋರಿಸುವುದಿಲ್ಲ. ಸಂಜೆ ಕ್ಯಾಂಪಿನಲ್ಲಿ ಚಿತ್ರ ದೊಡ್ಡದು ಮಾಡಿ, ಕಾಗದದ ಮೇಲೆ ಚುಕ್ಕೆ ಬಿಡಿಸಿ, ನಿನ್ನೆ ಕಂಡದ್ದೂ ಇವತ್ತು ಕಂಡದ್ದೂ ಒಂದೆಯೇ ಎಂದು ಹೋಲಿಸಬಹುದು.

ಎರಡನೆಯ ಗುಂಪಿಗೆ ಹುಲ್ಲು. ಜೀಬ್ರಾ ಉದ್ದದ ಒರಟು ಹುಲ್ಲನ್ನು ಮೇಯುತ್ತದೆ. ಅದು ಬಿಟ್ಟ ಎಲೆಭಾಗಕ್ಕೆ ವಿಲ್ಡಬೀಸ್ಟ್ ಬರುತ್ತದೆ. ಗಿಡ್ಡ ಚಿಗುರಿಗೆ ಪುಟ್ಟ ಥಾಮ್ಸನ್ ಗಝೆಲ್. ಸೆರೆಂಗೆಟಿಯಲ್ಲಿ ರಿಚರ್ಡ್ ಬೆಲ್ 1971ರಲ್ಲಿ ವಿವರಿಸಿದ ಮೇವಿನ ಸರಣಿ ಇದು. ಎಲ್ಲ ಕಡೆಯೂ ಪಾಠದಲ್ಲಿರುವಂತೆ ಸಾಲಾಗಿ ನಡೆಯುವುದಿಲ್ಲ, ಅದನ್ನೇ ಮಕ್ಕಳು ನೋಡಲಿ: ಹತ್ತು ಕಡೆ ಗಾಡಿ ನಿಲ್ಲಿಸಿ, ಹುಲ್ಲು ಎಷ್ಟು ಎತ್ತರ – ಗೊರಸು ಮುಚ್ಚಿದೆಯೋ, ಮಂಡಿಯವರೆಗಿದೆಯೋ, ಹೊಟ್ಟೆ ಮುಟ್ಟುತ್ತಿದೆಯೋ – ಮತ್ತು ಯಾವ ಪ್ರಾಣಿ ಎಷ್ಟಿದೆ ಎಂದು ಬರೆದುಕೊಳ್ಳಲಿ. ಕೆಳಗಿಳಿಯದೆ ಆಗುವ ಕೆಲಸ. ಇದೇ ಗುಂಪು ಮೊದಲ ದಿನವೇ ಒಂದು ಅಭ್ಯಾಸ ಬಿಡಬೇಕು: ಕಂಡದ್ದನ್ನೆಲ್ಲ ಜಿಂಕೆ ಎನ್ನುವುದು. ವರ್ಷವರ್ಷ ಕೊಂಬು ಉದುರಿಸುವ ನಮ್ಮ ಚುಕ್ಕೆಜಿಂಕೆ, ಕಡವೆಗಳ ಬಳಗ ಸಹಾರಾದ ದಕ್ಷಿಣಕ್ಕೆ ಇಲ್ಲವೇ ಇಲ್ಲ. ಅಲ್ಲಿರುವ ಇಂಪಾಲ, ಟೋಪಿ, ಗಝೆಲ್‌ಗಳೆಲ್ಲ ರಾಣೆಬೆನ್ನೂರಿನ ಕೃಷ್ಣಮೃಗದ ನಂಟರು. (‘ಸರ್, ಹುಲಿ ಯಾವ ಕಡೆ ಇದೆ?’ ಎಂದು ಕೇಳುವವರೂ ಒಬ್ಬರು ಇದ್ದೇ ಇರುತ್ತಾರೆ. ಊರಲ್ಲೇ ಕೇಳಿ ಮುಗಿಸಲಿ.)

ಮೂರನೆಯದು ಕತ್ತೆಕಿರುಬ. ಯಾರೂ ನೋಡಲು ಬಯಸದ ಪ್ರಾಣಿ, ಹಾಗಾಗಿ ಸುತ್ತ ಗಾಡಿಗಳ ಗುಂಪಿಲ್ಲ, ಹತ್ತು ನಿಮಿಷದ ಗಡುವೂ ಕಾಡುವುದಿಲ್ಲ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೇ ಹೋಲ್‌ಕ್ಯಾಂಪ್ 1988ರಿಂದ ಮಾರದಲ್ಲಿ ಇವುಗಳ ಬೆನ್ನು ಬಿದ್ದಿದ್ದಾರೆ. ಚುಕ್ಕೆ ಕತ್ತೆಕಿರುಬದ ಗುಂಪಿನಲ್ಲಿ ಯಜಮಾನಿಕೆ ಹೆಣ್ಣಿನದು. ಮರಿಗಳಿಗೆ ತಾಯಿಯ ಅಂತಸ್ತೇ ಬರುತ್ತದೆ. ಹೊರಗಿನಿಂದ ಬಂದ ಗಂಡು ಎಲ್ಲರಿಗಿಂತ ಕೆಳಗೆ. ಬಿಲದ ಬಳಿ ಬೆಳಗಿನ ಒಂದು ತಾಸು ನಿಂತರೆ ಯಾರು ಯಾರಿಗೆ ತಲೆ ತಗ್ಗಿಸುತ್ತಾರೆ, ಯಾರು ದಾರಿ ಬಿಡುತ್ತಾರೆ ಎಂಬುದನ್ನು ಪಟ್ಟಿ ಮಾಡಬಹುದು. ಮೂರೂ ಕೆಲಸಗಳಲ್ಲಿ ವಿದ್ಯಾರ್ಥಿಗಳು ಹೆಚ್ಚು ಮೆಚ್ಚುವುದು ಇದನ್ನೇ ಎಂದು ನನ್ನ ಊಹೆ.

ಪಶುವೈದ್ಯಕೀಯ ವಿದ್ಯಾರ್ಥಿಗಳಿದ್ದರೆ ಒಂದು ಸಂಜೆ ರಿಂಡರ್‌ಪೆಸ್ಟ್‌ಗೆ ಮೀಸಲಿಡಿ. 1890ರ ದಶಕದಲ್ಲಿ ಈ ರೋಗ ಪೂರ್ವ ಆಫ್ರಿಕಾದ ದನಗಳನ್ನು ಬಹುಪಾಲು ಅಳಿಸಿಹಾಕಿತು, ದನಗಳನ್ನೇ ನಂಬಿದ್ದ ಮಸಾಯಿಗಳು ಬರದಲ್ಲಿ ಸತ್ತರು, ವಿಲ್ಡಬೀಸ್ಟ್, ಕಾಡೆಮ್ಮೆಗಳೂ ಸತ್ತವು. ಸೆರೆಂಗೆಟಿಯ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ, 1960ರ ದಶಕದ ಆರಂಭದಲ್ಲಿ, ಕಾಡಿನಲ್ಲೂ ರೋಗ ತಾನಾಗಿ ನಿಂತಿತು. ರೋಗವನ್ನು ಹೊತ್ತಿಟ್ಟುಕೊಂಡದ್ದು ಕಾಡುಪ್ರಾಣಿಯಲ್ಲ, ದನ ಎಂದು ಹಾಗೆ ತಿಳಿಯಿತು. 1961ರಲ್ಲಿ ಸುಮಾರು ಎರಡೂವರೆ ಲಕ್ಷ ಇದ್ದ ವಿಲ್ಡಬೀಸ್ಟ್ 1977ರ ಹೊತ್ತಿಗೆ ಸುಮಾರು 13 ಲಕ್ಷಕ್ಕೆ ಏರಿತು. ಜಗತ್ತು ಟೀವಿಯಲ್ಲಿ ಬೆರಗಾಗಿ ನೋಡುವ ಆ ಮಹಾ ವಲಸೆಯ ಹಿಂದೆ ದನದ ಡಾಕ್ಟರ ಸೂಜಿ ಇದೆ. ಇದೇ ರೋಗ 1968ರಲ್ಲಿ ಬಂಡೀಪುರ, ಮುದುಮಲೆಯ ಕಾಟಿಗಳನ್ನೂ ಬಲಿ ತೆಗೆದುಕೊಂಡಿತ್ತು. 2011ರಲ್ಲಿ ಅದು ಭೂಮಿಯಿಂದಲೇ ತೊಲಗಿತೆಂದು ಘೋಷಣೆಯಾಯಿತು.

ನೋಡುವುದು, ಬರೆಯುವುದು, ಚಿತ್ರ ತೆಗೆಯುವುದು ತಂಡದ ಮಿತಿ. ಒಂದು ಗರಿ, ಲದ್ದಿಯ ತುಣುಕು, ಮೂಳೆ, ಮಣ್ಣು – ಏನನ್ನೂ ಎತ್ತಿಕೊಳ್ಳುವಂತಿಲ್ಲ. ಕೀನ್ಯಾದಲ್ಲಿ ಸಂಶೋಧನೆಗೆ ರಾಷ್ಟ್ರೀಯ ವಿಜ್ಞಾನ ಆಯೋಗದ ಪರವಾನಗಿ ಬೇಕು, ವನ್ಯಜೀವಿ ವಿಷಯವಾದರೆ ನೈವಾಷಾದಲ್ಲಿರುವ ವನ್ಯಜೀವಿ ಸಂಶೋಧನಾ ಸಂಸ್ಥೆಯ ಒಪ್ಪಿಗೆಯೂ ಬೇಕು. 2013ರ ವನ್ಯಜೀವಿ ಕಾಯ್ದೆಯ ಶಿಕ್ಷೆಗಳು ಭಾರಿ. ‘ಪ್ರಾಜೆಕ್ಟಿಗೆ ಸ್ಯಾಂಪಲ್’ ಎಂಬ ಸಮಜಾಯಿಷಿ ವಿಮಾನ ನಿಲ್ದಾಣದಲ್ಲಿ ಯಾರಿಗೂ ಬೇಡ. ಡ್ರೋನ್ ಕೂಡ ಅಷ್ಟೇ, ಅನುಮತಿ ಇಲ್ಲದೆ ಒಯ್ದರೆ ಅಲ್ಲೇ ಉಳಿಯುತ್ತದೆ.

ಉಳಿಯುವುದು ಎಲ್ಲಿ? ಅಭಯಾರಣ್ಯದ ಒಳಗಿನ ಲಾಡ್ಜ್‌ಗಳಿಗಿಂತ ಅದರ ಅಂಚಿನ ಕನ್ಸರ್ವೆನ್ಸಿಗಳು ನನಗೆ ಹೆಚ್ಚು ಸರಿ ಕಾಣುತ್ತವೆ: ಮಾರ ನಾರ್ತ್, ನಬೋಯಿಶೊ, ಓಲ್ ಕಿನ್ಯೆಯಿ ಮುಂತಾದವು. ಭೂಮಿ ಮಸಾಯಿ ಕುಟುಂಬಗಳದು. ಅದನ್ನು ಗುತ್ತಿಗೆಗೆ ಕೊಟ್ಟು ಬಾಡಿಗೆ ಪಡೆಯುತ್ತಾರೆ, ಬದಲಿಗೆ ಬೇಲಿ ಹಾಕುವುದಿಲ್ಲ, ದನ ಮೇಯಿಸುವುದಕ್ಕೂ ಸರದಿ ಇರುತ್ತದೆ. ಗಾಡಿಗಳ ಸಂಖ್ಯೆಗೆ ಮಿತಿ. ಅಭಯಾರಣ್ಯದಲ್ಲಿ ಇಲ್ಲದ ರಾತ್ರಿ ಸಫಾರಿ, ಕಾಲ್ನಡಿಗೆ ಇಲ್ಲಿ ಸಾಧ್ಯ. ಶುಲ್ಕ ಬೇರೆ, ಅಭಯಾರಣ್ಯಕ್ಕೂ ಹೋಗುವುದಾದರೆ ಅದರ ಶುಲ್ಕವೂ ಸೇರುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿ. ಕಾಡಿನಿಂದ ಜನರನ್ನು ಎಬ್ಬಿಸಬೇಕೋ, ಉಳಿಸಿಕೊಳ್ಳಬೇಕೋ ಎಂದು ನಾಗರಹೊಳೆಯ ಜೇನುಕುರುಬರ ವಿಷಯದಲ್ಲಿ ವಾದಿಸುತ್ತಲೇ ಬಂದಿರುವ ನಾಡಿನಿಂದ ಹೋದವರಿಗೆ ಇಲ್ಲಿ ಕೇಳಲು ಪ್ರಶ್ನೆಗಳು ಬೇಕಾದಷ್ಟಿವೆ: ಬಾಡಿಗೆ ಯಾರ ಕೈಗೆ ಹೋಗುತ್ತದೆ, ಹೆಂಗಸರಿಗೆ ಪಾಲು ಉಂಟೇ, ಪ್ರವಾಸಿಗರೇ ಬಾರದ ಕೋವಿಡ್ ವರ್ಷದಲ್ಲಿ ಏನಾಯಿತು. ಕುಣಿತ ತೋರಿಸಿ ಮಣಿಸರ ಮಾರುವ ಹಳ್ಳಿ ಭೇಟಿಗಿಂತ ಕನ್ಸರ್ವೆನ್ಸಿಯ ರೇಂಜರ್ ಒಬ್ಬರ ಜೊತೆಗಿನ ಒಂದು ತಾಸಿನ ಮಾತು ಹೆಚ್ಚು ಕಲಿಸುತ್ತದೆ. ಯಾರದೇ ಫೋಟೊ ತೆಗೆಯುವ ಮುಂಚೆ ಕೇಳಬೇಕು ಎಂಬುದನ್ನು ಬರೆಯಲೇಬೇಕಿದೆ, ನಾಚಿಕೆಯ ವಿಷಯ.

ಸಾಮಾನಿನಲ್ಲಿ ಮರೆಯುವುದು ಸ್ವೆಟರ್. ಆಫ್ರಿಕಾ ಎಂದರೆ ಉರಿಬಿಸಿಲು ಎಂದುಕೊಂಡು ಹೋದವರು ಮಾರದ ಬೆಳಗಿನ ಆರು ಗಂಟೆಗೆ, ಮಾಡು ತೆರೆದ ಗಾಡಿಯಲ್ಲಿ ನಡುಗುತ್ತಾರೆ. ಅದು 1,500 ಮೀಟರಿಗೂ ಮೇಲಿನ ಬಯಲು. ಬಟ್ಟೆ ಕಂದು, ಬೂದು, ಹಸಿರು ಇರಲಿ. ಗಾಢ ನೀಲಿ, ಕಪ್ಪು ಬಣ್ಣಕ್ಕೆ ತ್ಸೆತ್ಸೆ ನೊಣ ಮುತ್ತುತ್ತದೆ. ಸೈನಿಕರ ಸಮವಸ್ತ್ರದಂಥ ಮಚ್ಚೆಯ ಪ್ಯಾಂಟು ಮನೆಯಲ್ಲೇ ಇರಲಿ. ಪ್ಲಾಸ್ಟಿಕ್ ಕೈಚೀಲ ಕೀನ್ಯಾದಲ್ಲಿ 2017ರಿಂದ ನಿಷಿದ್ಧ, ರಕ್ಷಿತಾರಣ್ಯಗಳೊಳಗೆ 2020ರಿಂದ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯೂ ನಿಷಿದ್ಧ. ಅಮ್ಮ ಚಕ್ಕುಲಿ, ಚಟ್ನಿಪುಡಿ ಕಟ್ಟಿಕೊಡುವಾಗ ಡಬ್ಬಿಯಲ್ಲಿ ಕೊಡಲಿ. ಪ್ಲಗ್ ಮೂರು ಚೌಕ ಪಿನ್ನಿನದು, ಅಡಾಪ್ಟರ್ ಬೇಕು. ಎಷ್ಟೋ ಕ್ಯಾಂಪುಗಳಲ್ಲಿ ಜನರೇಟರ್ ಕೆಲವು ಗಂಟೆ ಮಾತ್ರ ಓಡುತ್ತದೆ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ರೈಲು ಹಾಕಲು ಹೋದ ಭಾರತೀಯರ ಕಾಲದಿಂದ ಚಪಾತಿ, ಚಾಯ್, ಕಚುಂಬರಿ ಅಲ್ಲಿನವೇ ಆಗಿಬಿಟ್ಟಿವೆ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಬಿಳಿಯ ಮುದ್ದೆಯ ಹಾಗೆ, ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ರಾಗಿಯ ಗಂಜಿಯೂ ಸಿಗುತ್ತದೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡೇ.

ವಿಮೆ ಮಾಡಿಸುವಾಗ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ ಎಂದು ಓದಿ ನೋಡಿ. ಮಾರದಿಂದ ನೈರೋಬಿಯ ಆಸ್ಪತ್ರೆಗೆ ರಸ್ತೆಯಲ್ಲಿ ಅರ್ಧ ದಿನ; 1957ರಲ್ಲಿ ಶುರುವಾದ ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ವಿಲ್ಸನ್ ನಿಲ್ದಾಣದಿಂದ ಇದೇ ಕೆಲಸ ಮಾಡುತ್ತದೆ. ವಿಮೆಯ ಸಂಖ್ಯೆ, ರಕ್ತದ ಗುಂಪು, ಭಾರತೀಯ ಹೈಕಮಿಷನ್ ದೂರವಾಣಿ – ಇವನ್ನು ಕಾಗದದಲ್ಲಿ ಬರೆದು ಪ್ರತಿ ಗಾಡಿಯಲ್ಲೂ ಇಡಿ, ಫೋನಿನಲ್ಲಿ ಮಾತ್ರ ಬೇಡ. ಮರಳುವ ದಿನ ಮಾರದಿಂದ ನೇರ ವಿಮಾನ ನಿಲ್ದಾಣಕ್ಕೆ ಓಡುವ ಯೋಜನೆ ಹಾಕಬೇಡಿ. ಕಣಿವೆ ಹತ್ತುವ ರಸ್ತೆಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಒಂದು ರಾತ್ರಿ ನೈರೋಬಿಯಲ್ಲಿ ತಂಗಿ, ಹಳದಿ ಜ್ವರದ ಕಾರ್ಡು ಎಲ್ಲರ ಕೈಚೀಲದಲ್ಲೇ ಇದೆಯೇ ಎಂದು ಆ ರಾತ್ರಿಯೇ ಎಣಿಸಿಕೊಳ್ಳಿ. ಸೂಟ್‌ಕೇಸಿನ ತಳದಲ್ಲಿದ್ದರೆ ಇಮಿಗ್ರೇಷನ್‌ಗೆ ಮುಂಚಿನ ಆರೋಗ್ಯ ತಪಾಸಣೆಯ ಕೌಂಟರಿನಲ್ಲಿ ಅದು ಕೈಗೆ ಸಿಗದು. ಸಾಮಾನು ಬರುವುದು ಅದರಾಚೆ.